ಸಿಪ್ಪೆ ಸಮೇತ ಅಳೆದ ಗಡ್ಡೆ

ಶಸ್ತ್ರಚಿಕಿತ್ಸೆಗೆ ಮುಂಚೆ ಕೀಮೋ ತೆಗೆದುಕೊಂಡ ಒಬ್ಬ ಹೆಂಗಸಿನ ಪ್ರಕರಣ ಇದು. ಸ್ತನದ ಗಡ್ಡೆ ಔಷಧಿಗೆ ಬಗ್ಗುತ್ತಿದೆಯೇ ಎಂದು ಚಿತ್ರ ನೋಡಿ ಹೇಳುವ ಕೆಲಸ ನನ್ನದಾಗಿತ್ತು. ಹೆಸರು, ಊರು, ವಯಸ್ಸು, ಮನೆಯ ಸಂಗತಿಗಳನ್ನು ಗುರುತು ಹತ್ತದಂತೆ ಬದಲಿಸಿದ್ದೇನೆ. ವಾರ್ಡಿನಲ್ಲಿ ನರ್ಸ್‌ಗಳಿಂದ ಹಿಡಿದು ಪಕ್ಕದ ಹಾಸಿಗೆಯವರ ತನಕ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ. ಇದರಲ್ಲಿ ನನ್ನ ಎರಡು ಲೋಪಗಳಿವೆ. ಒಂದನ್ನು ತಿದ್ದಲು ಸಾಧ್ಯವಾಯಿತು.

ಹಿನ್ನೆಲೆ

ಅಕ್ಕ ಅಡಿಕೆ ಸುಲಿಯುವವರು. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಬಸ್ಸು ದಿನಕ್ಕೆ ನಾಲ್ಕು ಸಲ ಮಾತ್ರ ಹೋಗುವ ಕಡೆ. ವಯಸ್ಸು ನಲವತ್ತೈದು ದಾಟಿದೆ, ಮುಟ್ಟು ನಿಂತಿರಲಿಲ್ಲ. ಮನೆತನದಲ್ಲಿ ಯಾರಿಗೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದುದು ಗೊತ್ತಿಲ್ಲ. ಎಡ ಸ್ತನದ ಮೇಲುಭಾಗದಲ್ಲಿ, ಕಂಕುಳಿನ ಕಡೆಗೆ ಗಂಟು ಕೈಗೆ ಸಿಕ್ಕಿ ನಾಲ್ಕು ತಿಂಗಳಾಗಿತ್ತು. ನೋವಿರಲಿಲ್ಲ, ಅದಕ್ಕೇ ಬಂದಿರಲಿಲ್ಲ. ನೋವಿಲ್ಲದ ಗಂಟು ಸಾಧು ಎಂಬ ನಂಬಿಕೆ ನಮ್ಮ ಊರುಗಳಿಂದ ಇನ್ನೂ ಹೋಗಿಲ್ಲ.

ಎಷ್ಟು ದೊಡ್ಡದಿದೆ ಎಂದು ಕೇಳಿದೆ. ಹೆಬ್ಬೆರಳನ್ನೂ ತೋರುಬೆರಳನ್ನೂ ಅಗಲಿಸಿ, "ಹಣ್ಣಡಿಕೆಯಷ್ಟು, ಸಿಪ್ಪೆ ಸಮೇತ" ಎಂದರು. ಅಲ್ಟ್ರಾಸೌಂಡಿನಲ್ಲಿ 38 ಮಿ.ಮೀ. ಬಂತು. ದಿನವಿಡೀ ಅಡಿಕೆ ಹಿಡಿಯುವ ಬೆರಳುಗಳ ಅಂದಾಜನ್ನು ಹಗುರವಾಗಿ ಕಾಣಬಾರದು ಎಂದು ಆಮೇಲೆ ಇನ್ನೂ ಚೆನ್ನಾಗಿ ಗೊತ್ತಾಯಿತು.

ಮ್ಯಾಮೊಗ್ರಾಂನಲ್ಲಿ ಅಂಚು ಮುಳ್ಳುಮುಳ್ಳಾದ ಗಡ್ಡೆ ಕಂಡಿತು. ಅಲ್ಲಿಂದ ಹೊರಟು ಮೊಲೆತೊಟ್ಟಿನ ಕಡೆಗೆ ರವೆ ಚೆಲ್ಲಿದಂತೆ ಸುಣ್ಣದ ಕಣಗಳು, ಗಡ್ಡೆಯೂ ಸೇರಿ 52 ಮಿ.ಮೀ. ಉದ್ದಕ್ಕೆ. ಕಂಕುಳಿನ ಒಂದು ದುಗ್ಧಗ್ರಂಥಿಯ (ಲಿಂಫ್ ನೋಡ್) ಹೊರಪದರ ದಪ್ಪಗಾಗಿತ್ತು. ಗಡ್ಡೆಯಿಂದ 14 ಗೇಜಿನ ಸೂಜಿಯಲ್ಲಿ ತುಣುಕು ತೆಗೆದೆ. ಗ್ರಂಥಿಯಿಂದ ಸಣ್ಣ ಸೂಜಿಯಲ್ಲಿ ಜೀವಕೋಶಗಳನ್ನು ಎಳೆದೆ. ಎರಡರಲ್ಲೂ ಕ್ಯಾನ್ಸರ್. ಮೂರನೆಯ ದರ್ಜೆಯದು, ಅಂದರೆ ವೇಗವಾಗಿ ಬೆಳೆಯುವ ಬಗೆ; ಈಸ್ಟ್ರೋಜನ್, ಪ್ರೊಜೆಸ್ಟರಾನ್ ಗ್ರಾಹಕಗಳು ಎರಡೂ ಇಲ್ಲ, ಹರ್-2 ಮೂರು ಪ್ಲಸ್, ಅಂದರೆ ಗಡ್ಡೆಯನ್ನು ಬೆಳೆಸುವ ಆ ಪ್ರೋಟೀನ್ ಬಹಳ ಇದೆ. ಸಿ.ಟಿ.ಯಲ್ಲಿ, ಎಲುಬಿನ ಸ್ಕ್ಯಾನಿನಲ್ಲಿ ಬೇರೆಲ್ಲೂ ಹರಡಿದ್ದು ಕಾಣಲಿಲ್ಲ.

ಗಂಡ ಕೇಳಿದ ಮೊದಲ ಪ್ರಶ್ನೆ ಎಂಡೋಸಲ್ಫಾನ್ ಕೀಟನಾಶಕದ್ದು. ಅವರ ಮನೆಯಿಂದ ಗೇರು ತೋಟ ದೂರವಿಲ್ಲ. 2000ದವರೆಗೂ ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದುದನ್ನು ಇಬ್ಬರೂ ಕಣ್ಣಾರೆ ಕಂಡವರು. ಒಬ್ಬರ ಗಡ್ಡೆಯನ್ನು ನೋಡಿ ಇದು ಅದರಿಂದಲೇ ಬಂತು ಎನ್ನಲು ಯಾವ ಸ್ಕ್ಯಾನಿಗೂ ಆಗುವುದಿಲ್ಲ, ಅಲ್ಲ ಎನ್ನಲೂ ಆಗುವುದಿಲ್ಲ. ಹಾಗೆಂದೇ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ, ಆಗಬೇಕೆಂದು ನಾನೂ ನಿರೀಕ್ಷಿಸಲಿಲ್ಲ.

ಮೊದಲು ಕೀಮೋ ಯಾಕೆ

ಗಡ್ಡೆ ಕೈಗೆ ಸಿಗುತ್ತಿರುವಾಗ ಅದನ್ನು ತೆಗೆದು ಬಿಸಾಡದೆ ಆರು ತಿಂಗಳು ಮದ್ದು ಹಾಕುವುದೆಂದರೆ ಯಾವ ಮನೆಯವರಿಗೂ ಹೊಟ್ಟೆಯಲ್ಲಿ ತಳಮಳ. 1988ರಲ್ಲಿ ಅಮೆರಿಕದಲ್ಲಿ ಶುರುವಾದ ಬಿ-18 ಎಂಬ ಪ್ರಯೋಗ 1,523 ಮಹಿಳೆಯರಲ್ಲಿ ಇದನ್ನೇ ಪರೀಕ್ಷಿಸಿತ್ತು: ಅದೇ ಕೀಮೋವನ್ನು ಕೆಲವರಿಗೆ ಶಸ್ತ್ರಚಿಕಿತ್ಸೆಗೆ ಮೊದಲು, ಉಳಿದವರಿಗೆ ಆಮೇಲೆ. ಬದುಕುಳಿಯುವುದರಲ್ಲಿ ವ್ಯತ್ಯಾಸ ಬರಲಿಲ್ಲ. ಮೊದಲೇ ಕೀಮೋ ಪಡೆದವರಲ್ಲಿ ಸ್ತನ ಉಳಿಸಿಕೊಂಡವರು ಹೆಚ್ಚಿದ್ದರು. ಇನ್ನೊಂದು ಲಾಭ ಅಕ್ಕನಂಥವರಿಗೆ ದೊಡ್ಡದು. ಗಡ್ಡೆ ಮೈಯಲ್ಲೇ ಇರುವಾಗ ಮದ್ದು ಕೊಟ್ಟರೆ ಆ ಮದ್ದು ನಾಟುತ್ತಿದೆಯೇ ಎಂದು ಕಣ್ಣೆದುರೇ ನೋಡಬಹುದು. ಗಡ್ಡೆ ತೆಗೆದ ಮೇಲೆ ಕೊಟ್ಟರೆ ನೋಡಲು ಏನೂ ಉಳಿದಿರುವುದಿಲ್ಲ.

ಯೋಜನೆ ಹೀಗಿತ್ತು: ಮೂರು ವಾರಕ್ಕೊಮ್ಮೆ ನಾಲ್ಕು ಸಲ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್. ಡಾಕ್ಸೊರುಬಿಸಿನ್ನನ್ನೇ ವಾರ್ಡಿನಲ್ಲಿ ಕೆಂಪು ಮದ್ದು ಎನ್ನುತ್ತಾರೆ. ಆಮೇಲೆ ಹನ್ನೆರಡು ವಾರ ಪ್ಯಾಕ್ಲಿಟ್ಯಾಕ್ಸೆಲ್, ಅದರ ಜೊತೆಗೆ ಹರ್-2 ವಿರುದ್ಧದ ಟ್ರಾಸ್ಟುಜುಮ್ಯಾಬ್. ಕೆಂಪು ಮದ್ದು ಮತ್ತು ಟ್ರಾಸ್ಟುಜುಮ್ಯಾಬ್ ಎರಡೂ ಹೃದಯಕ್ಕೆ ಭಾರ, ಆದ್ದರಿಂದ ಒಂದಾದ ಮೇಲೆ ಇನ್ನೊಂದು, ನಡುನಡುವೆ ಎಕೋ ಪರೀಕ್ಷೆ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಟ್ರಾಸ್ಟುಜುಮ್ಯಾಬಿನ ಬಯೋಸಿಮಿಲರನ್ನು, ಅಂದರೆ ಅದನ್ನೇ ಹೋಲುವ ಅಗ್ಗದ ಔಷಧಿಯನ್ನು, ಮಾರುಕಟ್ಟೆಗೆ ತಾರದೇ ಇದ್ದಿದ್ದರೆ ಅಡಿಕೆ ಸುಲಿಯುವವರೊಬ್ಬರಿಗೆ ಈ ಔಷಧಿಯ ಮಾತು ಎತ್ತುವುದೂ ಕಷ್ಟವಿತ್ತು. ಹರ್-2 ವಿರುದ್ಧದ ಇನ್ನೊಂದು ಮದ್ದು ಪರ್ಟುಜುಮ್ಯಾಬ್ ಕೂಡ ಸೇರಿಸಿದರೆ ಗಡ್ಡೆ ಪೂರ್ತಿ ಕರಗುವ ಸಂಭವ ಹೆಚ್ಚು. ಅದು ದುಡ್ಡಿನ ಕಾರಣಕ್ಕೆ ಆಗಲಿಲ್ಲ.

ಎಂಆರ್‌ಐ ಖರ್ಚು ವಿಮಾ ಕಾರ್ಡಿನಲ್ಲಿ ಬರಲಿಲ್ಲ. ಕೈಯಿಂದ ಕೊಡಬೇಕಾದಾಗ ಎಷ್ಟು ಸಲ ಮಾಡಿಸಬೇಕು? ನನ್ನ ಸಲಹೆ ಎರಡೇ ಸಲ: ಮದ್ದು ಶುರುವಾಗುವ ಮೊದಲು ಒಂದು, ಮುಗಿದ ಮೇಲೆ ಒಂದು. ಮೊದಲನೆಯದನ್ನು ಉಳಿಸಿ ಕೊನೆಯದನ್ನು ಮಾತ್ರ ಮಾಡಿಸುವವರಿದ್ದಾರೆ. ಮೊದಲ ಚಿತ್ರವಿಲ್ಲದೆ ಕೊನೆಯ ಚಿತ್ರವನ್ನು ಓದುವುದೆಂದರೆ ಮದುವೆಗೆ ಊಟದ ಹೊತ್ತಿಗೆ ಹೋದ ಹಾಗೆ. ಏನು ನಡೆಯಿತೆಂದು ಬೇರೆಯವರನ್ನು ಕೇಳಬೇಕು. ಅಕ್ಕ ಮಂಗಳೂರಿಗೆ ಹೋಗಿ ಮಾಡಿಸಿಕೊಂಡು ಬಂದರು. ಮಕಾಡೆ ಮಲಗಿ ಅರ್ಧ ಗಂಟೆ ಅಲುಗಾಡದೆ ಇರಬೇಕು. "ಹೇಗಿತ್ತು?" ಎಂದು ಕೇಳಿದ್ದಕ್ಕೆ, "ಚೆಂಡೆ ಇತ್ತು, ಭಾಗವತರು ಇರಲಿಲ್ಲ" ಎಂದರು. ಆ ಚಿತ್ರದಲ್ಲಿ ಗಡ್ಡೆ 41 ಮಿ.ಮೀ.; ಅದರಿಂದ ತೊಟ್ಟಿನ ಕಡೆಗೆ ಮಣಿ ಪೋಣಿಸಿದಂತೆ ಹೊಳೆಯುವ ಸಾಲು ಸೇರಿ 55.

ಗುರುತಿನ ಕ್ಲಿಪ್

ಕೀಮೋ ಶುರುವಾಗುವ ಹಿಂದಿನ ವಾರ ನಾನು ಇನ್ನೊಂದು ಸೂಜಿ ಹಾಕಬೇಕು ಎಂದೆ. ಗಡ್ಡೆಯ ನಡುವೆ ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡದಾದ ಟೈಟಾನಿಯಂ ಕ್ಲಿಪ್ಪನ್ನು ಕೂರಿಸುವುದಕ್ಕೆ. ಅಕ್ಕನ ಭಾವ, ಅಂದರೆ ಗಂಡನ ಅಣ್ಣ, ಸಿಟ್ಟಾದರು: "ತೆಗೆಯಬೇಕಾದ್ದರ ಒಳಗೆ ಇನ್ನೊಂದು ತುರುಕುವುದು ಯಾಕೆ?" ಸರ್ಜನ್ನರಿಗೂ ಉತ್ಸಾಹವಿರಲಿಲ್ಲ. ನಾಲ್ಕು ಸೆಂಟಿಮೀಟರಿನ ಗಡ್ಡೆ, ಎಲ್ಲಿಗೆ ಹೋಗುತ್ತದೆ ಎಂಬುದು ಅವರ ಮಾತು.

ಹರ್-2 ಗಡ್ಡೆಗಳು ಹೋಗಿಬಿಡುತ್ತವೆ ಎಂಬುದೇ ತೊಂದರೆ. ಮದ್ದು ಚೆನ್ನಾಗಿ ನಾಟಿದರೆ ಆರು ತಿಂಗಳ ಮೇಲೆ ಕೈಗೂ ಸಿಗುವುದಿಲ್ಲ, ಅಲ್ಟ್ರಾಸೌಂಡಿಗೂ ಕಾಣುವುದಿಲ್ಲ. ಆಗ ಯಾವ ಜಾಗವನ್ನು ಕತ್ತರಿಸಬೇಕು? ಗಡ್ಡೆ ಇದ್ದ ತಾವನ್ನು ತೆಗೆದು ಪೆಥಾಲಜಿಗೆ ಕಳಿಸದೆ ಅದು ನಿಜವಾಗಿ ಹೋಯಿತೆಂದು ಹೇಳುವವರು ಯಾರೂ ಇಲ್ಲ. ಜಮೀನಿನ ಸರ್ವೆಯಲ್ಲಿ ಗಡಿಕಲ್ಲು ನೆಡುವ ಹಾಗೆ ಇದು ಎಂದಾಗ ಭಾವ ಸುಮ್ಮನಾದರು. ಗಡಿಯ ಜಗಳ ಕಂಡವರಿಗೆ ಗಡಿಕಲ್ಲಿನ ಬೆಲೆ ವಿವರಿಸಬೇಕಾಗಿಲ್ಲ.

ಇದಕ್ಕೆಂದೇ ತಯಾರಾದ ಮಾರ್ಕರ್ ದುಬಾರಿ. ಆಪರೇಷನ್ ಥಿಯೇಟರಿನಲ್ಲಿ ರಕ್ತನಾಳ ಬಿಗಿಯಲು ಬಳಸುವ ಟೈಟಾನಿಯಂ ಕ್ಲಿಪ್ಪನ್ನೇ ಸೂಜಿಯೊಳಗೆ ತೂರಿಸಿ ಅಲ್ಟ್ರಾಸೌಂಡ್ ನೋಡುತ್ತಾ ಬಿಟ್ಟೆ. ನಮ್ಮ ದೇಶದಲ್ಲಿ ಹಲವರು ಹೀಗೆ ಮಾಡುತ್ತಾರೆ, ಎಂಆರ್‌ಐಗೂ ಅಡ್ಡಿಯಿಲ್ಲ. ಹತ್ತು ನಿಮಿಷದ ಕೆಲಸ. ಗಡ್ಡೆಗೆ ಹಾಕಿದೆ. ಕಂಕುಳಿನ ಗ್ರಂಥಿಗೆ ಹಾಕಲಿಲ್ಲ. ಹೊರಗೆ ಇನ್ನೂ ಏಳು ಜನ ಕಾದಿದ್ದರು, ಭಾವನ ಮುಖ ಇನ್ನೂ ಗಂಟಾಗಿಯೇ ಇತ್ತು, ಎರಡನೆಯ ಸೂಜಿಯ ಮಾತು ನನ್ನ ಬಾಯಿಂದ ಬರಲಿಲ್ಲ.

"ಬದಲಾವಣೆ ಇಲ್ಲ"

ಕೆಂಪು ಮದ್ದಿನ ನಾಲ್ಕು ಸುತ್ತು ಮುಗಿದವು. ಅಕ್ಕನ ಕೂದಲು ಹೋಗಿತ್ತು, ಬಾಯಿ ಹುಣ್ಣಾಗಿ ಎರಡು ವಾರ ಗಂಜಿಯೇ ಗತಿಯಾಗಿತ್ತು. ನಡುವಿನ ಅಲ್ಟ್ರಾಸೌಂಡಿಗೆ ಕೀಮೋ ವೈದ್ಯರು ಬರೆದುಕೊಟ್ಟ ವಾರ ನಾನು ರಜೆಯಲ್ಲಿದ್ದೆ. ಮನೆಯವರು ತಮಗೆ ಹತ್ತಿರದ ಇನ್ನೊಂದು ಕೇಂದ್ರದಲ್ಲಿ ಸ್ಕ್ಯಾನ್ ಮಾಡಿಸಿದರು. ಗಡ್ಡೆ 36 × 29 ಮಿ.ಮೀ., ಗಣನೀಯ ಬದಲಾವಣೆ ಕಂಡುಬಂದಿಲ್ಲ ಎಂದು ಇಂಗ್ಲಿಷಿನಲ್ಲಿ ವರದಿ ಬಂತು.

ಅದನ್ನು ಬಸ್‌ಸ್ಟ್ಯಾಂಡಿನಲ್ಲೇ ಓದಿದವನು ಭಾವನ ಮಗ, ಪ್ಲಸ್ ಟು ಓದುವ ಹುಡುಗ. ಮೊಬೈಲಿನಲ್ಲಿ ಆ ಸಾಲನ್ನು ಕನ್ನಡಕ್ಕೆ ತಿರುಗಿಸಿ ಚಿಕ್ಕಮ್ಮನಿಗೆ ಓದಿ ಹೇಳಿದ. ತಿರುಗಿಸುವಾಗ "ಗಣನೀಯ" ಬಿದ್ದುಹೋಗಿ "ಬದಲಾವಣೆ ಇಲ್ಲ" ಎಂಬುದಷ್ಟೇ ಉಳಿಯಿತು. ಅವತ್ತು ರಾತ್ರಿ ಮನೆಯಲ್ಲಿ ಏನು ಮಾತಾಯಿತೆಂದು ನನಗೆ ಅಕ್ಕನೇ ಆಮೇಲೆ ಹೇಳಿದರು. ಘಟ್ಟದ ಮೇಲೆ ಒಬ್ಬರು ಬೇರು ಕೊಡುತ್ತಾರಂತೆ, ಇಷ್ಟು ದುಡ್ಡು ಸುರಿದು ಏನೂ ಆಗಲಿಲ್ಲವಲ್ಲ, ಇನ್ನು ಸಾಕು. ಹೊರಡುವ ದಿನವೂ ಗೊತ್ತಾಗಿತ್ತು.

ಕೀಮೋ ವೈದ್ಯರ ಮೇಜಿನ ಮೇಲೂ ಒಂದು ತೊಡಕು ಇತ್ತು. ಅವರು ಕೈಯಿಂದ ಮುಟ್ಟಿ, ಕ್ಯಾಲಿಪರ್ ಹಿಡಿದು ಬರೆದುಕೊಂಡದ್ದು 22 ಮಿ.ಮೀ. ಸ್ಕ್ಯಾನ್ 36 ಎನ್ನುತ್ತದೆ. ಯಾವುದನ್ನು ನಂಬುವುದು? ಬೆರಳಿಗಿಂತ ಯಂತ್ರವೇ ಸರಿ ಎಂದು ನಾವೆಲ್ಲ ಕಲಿತಿದ್ದೇವೆ, ಬಹಳಷ್ಟು ಸಲ ಅದು ನಿಜವೂ ಹೌದು. ಔಷಧಿ ನಾಟಿಲ್ಲದಿದ್ದರೆ ಈಗಲೇ ಪೂರ್ತಿ ಸ್ತನ ತೆಗೆದುಬಿಡೋಣವೇ ಎಂದು ಸರ್ಜನ್ ಫೋನಿನಲ್ಲಿ ಕೇಳಿದ್ದರು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಆ ವರದಿಯ ಅಂಕಿ ನಿಜವೇ ಆಗಿದ್ದರೂ ಮುಂದಿನ ಹೆಜ್ಜೆ ಬದಲಾಗಬೇಕಿರಲಿಲ್ಲ. ಅಕ್ಕನಿಗೆ ಸಿಗಬೇಕಾದ ಮುಖ್ಯ ಔಷಧಿ ಟ್ರಾಸ್ಟುಜುಮ್ಯಾಬ್ ಇನ್ನೂ ಶುರುವೇ ಆಗಿರಲಿಲ್ಲ. ಗಡ್ಡೆ ಬೆಳೆದಿದ್ದರೆ ದಾರಿ ಬದಲಿಸುವ ಮಾತು. ಎಲ್ಲೆಡೆ ಬಳಕೆಯಲ್ಲಿರುವ 2009ರ ರೆಸಿಸ್ಟ್ 1.1 ಅಳತೆಗೋಲಿನ ಪ್ರಕಾರ ಉದ್ದ ಶೇ 30ರಷ್ಟಾದರೂ ಇಳಿದರೆ ಭಾಗಶಃ ಸ್ಪಂದನ. ಶೇ 20ರಷ್ಟು, ಜೊತೆಗೆ ಕನಿಷ್ಠ 5 ಮಿ.ಮೀ. ಏರಿದರೆ ರೋಗ ಮುಂದುವರಿದಿದೆ ಎಂದು. 38ರಿಂದ 36 ಎಂದರೆ ಎರಡೂ ಅಲ್ಲ, ನಿಂತಲ್ಲೇ ನಿಂತಿದೆ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಓದಿಸಿಕೊಂಡವರಿಗೆ ಈ ಲೆಕ್ಕ ಯಾರು ಹೇಳಬೇಕು?

ರಜೆ ಮುಗಿಸಿ ಬಂದ ದಿನವೇ ಅಕ್ಕನನ್ನು ಕರೆಸಿದೆ. ಆ ಕೇಂದ್ರದ ಚಿತ್ರಗಳ ಸಿ.ಡಿ.ಯನ್ನೂ ತರಿಸಿದೆ. ಒಂದರ ಪಕ್ಕ ಒಂದು ಇಟ್ಟಾಗ ತಪ್ಪು ಯಾರದೆಂದು ಗೊತ್ತಾಯಿತು. ಅರ್ಧಕ್ಕಿಂತ ಹೆಚ್ಚು ನನ್ನದು. ನನ್ನ ಮೊದಲ ವರದಿಯಲ್ಲಿ "38 × 31 ಮಿ.ಮೀ., ಎಡ ಸ್ತನದ ಮೇಲುಭಾಗ" ಎಂದಷ್ಟೇ ಇತ್ತು. ಗಡಿಯಾರದ ಎಷ್ಟನೆಯ ಗಂಟೆಯ ಜಾಗ, ತೊಟ್ಟಿನಿಂದ ಎಷ್ಟು ದೂರ, ಮೈಮೇಲೆ ಆಡಿಸುವ ಪ್ರೋಬನ್ನು ಅಡ್ಡ ಹಿಡಿದದ್ದೇ ಓರೆ ಹಿಡಿದದ್ದೇ, ಒಂದೂ ಬರೆದಿರಲಿಲ್ಲ. ನಾನೇ ಮತ್ತೆ ನೋಡುತ್ತೇನೆ, ಚಿತ್ರ ನನ್ನ ಕಂಪ್ಯೂಟರಿನಲ್ಲಿದೆ ಎಂಬ ಧೈರ್ಯ. ಆ ಕಡೆಯವರು ಪಾಪ ತಮಗೆ ಎಲ್ಲಿ ಉದ್ದ ಕಂಡಿತೋ ಅಲ್ಲಿ ಅಳೆದಿದ್ದರು. ಅವರ ಗೆರೆ ಗಡ್ಡೆಯ ಸುತ್ತಲಿನ ಮಬ್ಬು ಕಪ್ಪು ಪಟ್ಟಿಯನ್ನೂ ಒಳಗೆ ಹಾಕಿಕೊಂಡಿತ್ತು. ಕೀಮೋದಲ್ಲಿ ಗಡ್ಡೆ ಹಿಂದೆ ಸರಿದ ಜಾಗದಲ್ಲಿ ನಾರು, ಗಾಯದ ಕಲೆ ಕಟ್ಟುತ್ತದೆ. ಅಲ್ಟ್ರಾಸೌಂಡಿನಲ್ಲಿ ಅದೂ ಕಪ್ಪೇ. ಜೀವ ಇರುವ ಕಪ್ಪು ಯಾವುದು, ಸತ್ತ ಕಪ್ಪು ಯಾವುದು ಎಂಬುದು ಹೊಸ ಕಣ್ಣಿಗೆ ಸುಲಭವಾಗಿ ಹೊಳೆಯುವುದಿಲ್ಲ.

ಹಳೆಯ ಚಿತ್ರವನ್ನು ಪರದೆಯ ಒಂದು ಬದಿಗಿಟ್ಟುಕೊಂಡು, ಅದೇ ಓರೆಯಲ್ಲಿ, ಕ್ಲಿಪ್ಪನ್ನು ನಡುವೆ ತಂದು ಅಳೆದೆ. ಗಟ್ಟಿ ತಿರುಳು 24 × 17 ಮಿ.ಮೀ. ಮೊದಲು ಡಾಪ್ಲರ್ ಹಾಕಿದಾಗ ಗಡ್ಡೆಯೊಳಗೆ ಕವಲುಕವಲಾಗಿ ಕಂಡಿದ್ದ ರಕ್ತದ ಹರಿವು ಈಗ ಅಂಚಿನಲ್ಲಿ ಒಂದು ಚುಕ್ಕೆಯಷ್ಟು. 38ರಿಂದ 24: ಶೇ 37ರ ಇಳಿಕೆ.

ಅಕ್ಕನಿಗೆ ಇದನ್ನು ಹೇಗೆ ಹೇಳುವುದು ಎಂದು ಒಂದು ಕ್ಷಣ ಯೋಚಿಸಿ, "ಅವರು ಸಿಪ್ಪೆ ಸಮೇತ ಅಳೆದಿದ್ದಾರೆ ಅಕ್ಕ, ನಾನು ಒಳಗಿನ ಅಡಿಕೆ ಅಳೆದೆ" ಎಂದೆ.

ಅವರು ಪರದೆಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂಗಳದಲ್ಲಿ ಒಣಗಿದ ಮೇಲೆ ಸಿಪ್ಪೆ ಅಷ್ಟೇ ದೊಡ್ಡದು ಕಾಣುತ್ತದೆ, ಕೈಯಲ್ಲಿ ಹಿಡಿದು ಅಲುಗಿಸಿದರೆ ಒಳಗೆ ಅಡಿಕೆ ಗಲಗಲ ಎನ್ನುತ್ತದೆ. ಹಾಗೋ ಡಾಕ್ಟರೇ?" ಎಂದರು.

ಹಾಗೆಯೇ. ನಾನು ಇಷ್ಟು ವರ್ಷ ಯಾರಿಗೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಕಿರಿಯ ವೈದ್ಯರಿಗೆ ಪಾಠ ಮಾಡುವಾಗ ಈಗ ಇದೇ ಮಾತು ಹೇಳುತ್ತೇನೆ. ಅಂದಹಾಗೆ, ಮೂರು ವಾರದ ಹಿಂದೆಯೇ ಅಕ್ಕ ಗಂಡನಿಗೆ "ಸುಲಿದ ಅಡಿಕೆಯಷ್ಟಾಗಿದೆ" ಎಂದಿದ್ದರಂತೆ. ವರದಿ ಬಂದ ಮೇಲೆ ತಮ್ಮ ಬೆರಳನ್ನೇ ಅನುಮಾನಿಸಿದರು.

ಘಟ್ಟ ಹತ್ತುವ ಪ್ರಯಾಣ ನಿಂತಿತು. ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಟ್ರಾಸ್ಟುಜುಮ್ಯಾಬ್ ಮುಂದಿನ ಸೋಮವಾರವೇ ಶುರುವಾದವು. ಅಂದಿನಿಂದ ಕೀಮೋ ರೋಗಿಗಳ ಫೈಲಿನಲ್ಲಿ ಒಂದು ಹಾಳೆ ಹಾಕುತ್ತಿದ್ದೇನೆ: ಸ್ತನದ ಚಿತ್ರದ ಮೇಲೆ ಪ್ರೋಬ್ ಹಿಡಿದ ಗೆರೆ, ತೊಟ್ಟಿನಿಂದ ದೂರ, ತಿರುಳಿನ ಅಳತೆ ಬೇರೆ, ಸುತ್ತಲಿನ ಮಬ್ಬಿನ ಅಳತೆ ಬೇರೆ, ಅಳೆದ ಚಿತ್ರದ ಪ್ರಿಂಟು. ಯಾರು ಎಲ್ಲಿ ನೋಡಿದರೂ ಅದೇ ಗೆರೆಯ ಮೇಲೆ ನೋಡಲಿ ಎಂದು. ಕೆಳಗೆ ಕನ್ನಡದಲ್ಲೂ ಮಲಯಾಳದಲ್ಲೂ ಎರಡು ಸಾಲು, ಮನೆಯವರಿಗಾಗಿ.

ಚಿತ್ರಗಳು ಜಗಳವಾಡಿದಾಗ

ಕೊನೆಯ ಪ್ಯಾಕ್ಲಿಟ್ಯಾಕ್ಸೆಲ್ ಆಗಿ ಹತ್ತು ದಿನಕ್ಕೆ ಎಲ್ಲ ಚಿತ್ರಗಳನ್ನೂ ಮತ್ತೆ ತೆಗೆದೆವು. ಕೈಗೆ ಏನೂ ಸಿಗಲಿಲ್ಲ. ಅಲ್ಟ್ರಾಸೌಂಡಿನಲ್ಲಿ ಕ್ಲಿಪ್ಪಿನ ಸುತ್ತ 8 ಮಿ.ಮೀ. ಮಬ್ಬು, ಅಷ್ಟೇ; ಕ್ಲಿಪ್ ಇಲ್ಲದಿದ್ದರೆ ಅದನ್ನು ದಾಟಿ ಹೋಗಿಬಿಡುತ್ತಿದ್ದೆ. ಎಂಆರ್‌ಐಯಲ್ಲಿ ಚಿತ್ರದಲ್ಲಿ ಹೊಳೆಯುವ ಗ್ಯಾಡೊಲಿನಿಯಂ ಎಂಬ ದ್ರವವನ್ನು ರಕ್ತಕ್ಕೆ ಏರಿಸಿದ ಮೇಲೂ ಎಲ್ಲೂ ಹೊಳಪಿಲ್ಲ. ಗಡ್ಡೆಯೂ ಇಲ್ಲ, ಮಣಿಸಾಲೂ ಇಲ್ಲ. ಮ್ಯಾಮೊಗ್ರಾಂನಲ್ಲಿ ಗಡ್ಡೆ ಮಾಯ, ಆದರೆ ಸುಣ್ಣದ ಕಣಗಳು ಇದ್ದ ಹಾಗೆಯೇ ಇವೆ, 50 ಮಿ.ಮೀ.

ಇಲ್ಲಿಂದ ಮುಂದೆ ಒಬ್ಬೊಬ್ಬರು ಒಂದೊಂದು ದಿಕ್ಕು. ಎಂಆರ್‌ಐ ಇಷ್ಟು ಚೊಕ್ಕಟವಾಗಿರುವಾಗ ಕ್ಲಿಪ್ಪಿನ ಸುತ್ತ ಎರಡು ಸೆಂಟಿಮೀಟರ್ ತೆಗೆದರೆ ಸಾಲದೇ ಎಂದರು ಸರ್ಜನ್. ಕೆಲವು ತಿಂಗಳ ಹಿಂದೆ ಪೂರ್ತಿ ತೆಗೆಯೋಣ ಎಂದವರೂ ಅವರೇ. ಕರಗಿದ ಮೇಲೆ ಆಪರೇಷನ್ ಯಾಕೆ ಬೇಕು ಎಂದರು ಗಂಡ. ಇಡಿಯಾಗಿ ತೆಗೆದು ಕೈತೊಳೆದುಕೊಳ್ಳುವುದೇ ವಾಸಿ ಎಂದರು ಭಾವ.

ಗಂಡನ ಪ್ರಶ್ನೆಗೆ ಉತ್ತರ ಎಂಆರ್‌ಐ ಕೆಲಸ ಮಾಡುವ ಬಗೆಯಲ್ಲಿದೆ. ಅದು ಕ್ಯಾನ್ಸರನ್ನು ನೇರವಾಗಿ ಕಾಣುವುದಿಲ್ಲ. ಗಡ್ಡೆ ತನಗಾಗಿ ಕಟ್ಟಿಕೊಂಡ ರಕ್ತನಾಳಗಳಿಂದ ಸೋರುವ ಗ್ಯಾಡೊಲಿನಿಯಂ ಅನ್ನು ಕಾಣುತ್ತದೆ. ಒಂದೆರಡು ಮಿಲಿಮೀಟರಿನ ತುಣುಕು ಉಳಿದಿದ್ದರೆ ಅದಕ್ಕೆ ಅಂಥ ನಾಳಗಳೇ ಇರುವುದಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಜಾತಿಯ ಮದ್ದುಗಳು ನಾಳಗಳನ್ನೂ ಬಾಡಿಸುವುದರಿಂದ ಉಳಿದದ್ದು ಇನ್ನೂ ಮಂಕಾಗುತ್ತದೆ. ಹಾಗೆಂದು ಎಂಆರ್‌ಐಯನ್ನು ತಳ್ಳಿಹಾಕುವಂತಿಲ್ಲ. ಕೀಮೋ ನಂತರದ ಅಳತೆಗೆ ಬೆರಳು, ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್ ಎಲ್ಲಕ್ಕಿಂತ ಅದೇ ಹತ್ತಿರ ಬರುತ್ತದೆ. ಅದರ ಮಾತಿನ ತೂಕ ಗಡ್ಡೆಯ ಜಾತಿಯ ಮೇಲೆ ನಿಂತಿದೆ. ಹರ್-2 ಇರುವ ಗಡ್ಡೆಗಳೂ ಮೂರೂ ಗ್ರಾಹಕಗಳಿಲ್ಲದವೂ ಸಾಮಾನ್ಯವಾಗಿ ನೀರಿಗೆ ಹಾಕಿದ ಬೆಲ್ಲದಚ್ಚಿನ ಹಾಗೆ ಸುತ್ತಲಿಂದ ಒಳಕ್ಕೆ ಕರಗುತ್ತವೆ. ಉಳಿದದ್ದು ಒಂದೆಡೆ ಇರುತ್ತದೆ. ಈಸ್ಟ್ರೋಜನ್ ಗ್ರಾಹಕವಿರುವ ಗಡ್ಡೆಗಳು ಹಲವು ಸಲ ಮುರಕಲ್ಲಿನ ಹಾಗೆ: ನಡುನಡುವೆ ತೂತು ಬೀಳುತ್ತದೆ, ಕಲ್ಲು ಮಾತ್ರ ಇದ್ದಷ್ಟೇ ಅಗಲಕ್ಕೆ ನಿಂತಿರುತ್ತದೆ. ಅಲ್ಲಿ ಎಂಆರ್‌ಐ ಚೊಕ್ಕಟ ಎಂದರೂ ನಾನು ಅಷ್ಟು ಹಿಗ್ಗುವುದಿಲ್ಲ.

ಸರ್ಜನ್ ಜೊತೆ ವಾದ ನಡೆದದ್ದು ಸುಣ್ಣದ ಬಗ್ಗೆ. ಮನೆ ಖಾಲಿಯಾದರೂ ಗೋಡೆಯ ಸುಣ್ಣ ಇರುತ್ತದೆ. ಕೀಮೋ ಜೀವಕೋಶಗಳನ್ನು ಕೊಲ್ಲುತ್ತದೆಯೇ ಹೊರತು ಅವು ಬಿಟ್ಟುಹೋದ ಸುಣ್ಣವನ್ನು ಕರಗಿಸುವುದಿಲ್ಲ. ಕೆಲವೊಮ್ಮೆ ಸತ್ತ ಕೋಶಗಳ ಜಾಗದಲ್ಲಿ ಅದು ಹೆಚ್ಚುವುದೂ ಉಂಟು. ಆದ್ದರಿಂದ ಸುಣ್ಣ ಉಳಿಯಿತೆಂದು ಔಷಧಿ ಸೋತಿತು ಎನ್ನುವಂತಿಲ್ಲ. ಆ ಖಾಲಿ ಮನೆಯಲ್ಲಿ ಯಾರೋ ಇನ್ನೂ ಇದ್ದಾರೆಯೇ ಎಂಬುದು ಚಿತ್ರದಿಂದ ತಿಳಿಯುವುದೂ ಇಲ್ಲ. ಅನುಮಾನದ ಸುಣ್ಣವನ್ನೆಲ್ಲ ತೆಗೆಯಬೇಕು ಎಂಬುದು ನನ್ನ ಪಟ್ಟು. ಎಂಆರ್‌ಐಯ ಮಾತು ಕೇಳಿ ಎರಡು ಸೆಂಟಿಮೀಟರಿಗೆ ನಿಲ್ಲಿಸುವುದು ಬೇಡ, ಭಾವ ಹೇಳುವಂತೆ ಇಡೀ ಸ್ತನ ತೆಗೆಯುವುದೂ ಬೇಡ, 50 ಮಿ.ಮೀ.ಯ ಆ ಹೋಳು ತೆಗೆದು ಪಕ್ಕದ ಅಂಗಾಂಶವನ್ನು ಸರಿಸಿ ಹೊಲಿಯಬಹುದು ಎಂದೆ. ಸರ್ಜನ್ ಸ್ತನವನ್ನು ಇನ್ನೊಮ್ಮೆ ಪರೀಕ್ಷಿಸಿ ಒಪ್ಪಿದರು.

ಉಳಿದದ್ದು ಅಕ್ಕನ ಒಪ್ಪಿಗೆ. ಸ್ತನ ಉಳಿಸಿಕೊಂಡರೆ ರೇಡಿಯೇಷನ್ ಕಡ್ಡಾಯ. "ಕರೆಂಟ್ ಎಷ್ಟು ದಿನ?" ಎಂದು ಕೇಳಿದರು. ಮೂರು ವಾರ, ಹದಿನೈದು ದಿನ ಎಂದೆವು. ಬಸ್ಸಿನ ಲೆಕ್ಕ, ಮಂಗಳೂರಿನಲ್ಲಿ ತಂಗಿಯ ಮನೆಯ ಲೆಕ್ಕ ಹಾಕಿ, "ಹದಿನೈದು ದಿನವಾದರೆ ಉಳಿಸಿಕೊಳ್ಳುತ್ತೇನೆ" ಎಂದರು. ಭಾವ ಏನೋ ಹೇಳಲು ಹೊರಟವರು ಅಲ್ಲಿಗೇ ನಿಲ್ಲಿಸಿದರು.

ಥಿಯೇಟರಿನಲ್ಲಿ

ಶಸ್ತ್ರಚಿಕಿತ್ಸೆಯ ಬೆಳಗ್ಗೆ ಮ್ಯಾಮೊಗ್ರಾಂ ನೋಡಿಕೊಂಡು ಎರಡು ತಂತಿ ಹಾಕಿದೆ: ಒಂದರ ತುದಿ ಕ್ಲಿಪ್ಪಿನ ಬಳಿ, ಇನ್ನೊಂದರದು ಸುಣ್ಣದ ಸಾಲಿನ ಆಚೆ ಕೊನೆಯಲ್ಲಿ. ಸರ್ಜನ್ ಆ ಎರಡರ ನಡುವಿನ ಹೋಳನ್ನು ತೆಗೆದು ಕೊಟ್ಟರು. ಅದರ ಎಕ್ಸ್‌ರೇ ತೆಗೆದೆವು. ಕ್ಲಿಪ್ ಒಳಗಿದೆ, ಸುಣ್ಣವೂ ಇದೆ, ಆದರೆ ತೊಟ್ಟಿನ ಕಡೆಯ ಅಂಚಿಗೆ ಐದಾರು ಕಣಗಳು ತಾಗಿಕೊಂಡಿವೆ. ಥಿಯೇಟರಿಗೆ ಫೋನ್ ಮಾಡಿ ಆ ಕಡೆಯಿಂದ ಇನ್ನೊಂದು ತೆಳು ಹೋಳು ಬೇಕೆಂದೆ. ತೆಗೆದರು.

ಹನ್ನೆರಡು ದಿನದ ಮೇಲೆ ಪೆಥಾಲಜಿ ವರದಿ ಬಂತು. ಗಡ್ಡೆ ಇದ್ದ ಜಾಗದಲ್ಲಿ ನಾರು, ಗಾಯದ ಕಲೆ, ಕಸ ಗುಡಿಸುವ ಬಿಳಿಕೋಶಗಳು. ಹೊರಗೆ ಹಬ್ಬುವ ಕ್ಯಾನ್ಸರ್ ಎಲ್ಲೂ ಇಲ್ಲ. ಸುಣ್ಣದ ಹೆಚ್ಚಿನ ಪಾಲು ಖಾಲಿಯಾದ ಹಾಲಿನ ನಾಳಗಳಲ್ಲಿ. ಆದರೆ ಕೊನೆಗೆ ತೆಗೆದ ಆ ತೆಳು ಹೋಳಿನಲ್ಲಿ 3 ಮಿ.ಮೀ.ಯಷ್ಟು, ಹಾಲಿನ ನಾಳದೊಳಗೇ ಇರುವ ಕ್ಯಾನ್ಸರ್ ಉಳಿದಿತ್ತು. ಅದರಾಚೆಯ ಅಂಚು ಸ್ವಚ್ಛ. ಎಂಆರ್‌ಐ ಅದನ್ನು ಕಂಡಿರಲಿಲ್ಲ, ಅಲ್ಟ್ರಾಸೌಂಡೂ ಕಂಡಿರಲಿಲ್ಲ.

ನಾಳದೊಳಗಿನದ್ದು ಮಾತ್ರ ಉಳಿದು, ಗ್ರಂಥಿಗಳೂ ಸ್ವಚ್ಛವಾಗಿದ್ದರೆ ಸಾಮಾನ್ಯವಾಗಿ ಅದನ್ನು ಪೂರ್ಣ ಸ್ಪಂದನ ಎಂದೇ ಎಣಿಸುತ್ತಾರೆ. ಇದು ಬರೀ ಹೆಸರಿನ ಮಾತಲ್ಲ, ಮುಂದಿನ ಔಷಧಿ ಇದರ ಮೇಲೆ ನಿಲ್ಲುತ್ತದೆ. ಹಬ್ಬುವ ಕ್ಯಾನ್ಸರ್ ಉಳಿದಿದ್ದರೆ ಟಿ-ಡಿಎಂ1 ಎಂಬ ಬೇರೆ ಮದ್ದಿಗೆ ಹೋಗುವುದು ಲೇಸು ಎಂದು ಕ್ಯಾಥರಿನ್ ಎಂಬ ಪ್ರಯೋಗ ತೋರಿಸಿದೆ. ಅದರಲ್ಲಿ ರೋಗ ಮರಳುವ ಅಥವಾ ಸಾವಿನ ಅಪಾಯ ಅರ್ಧಕ್ಕೆ ಇಳಿದಿತ್ತು. ಅಕ್ಕನಿಗೆ ಅದು ಬೇಕಾಗಲಿಲ್ಲ. ಟ್ರಾಸ್ಟುಜುಮ್ಯಾಬನ್ನೇ ಒಂದು ವರ್ಷ ಪೂರೈಸಿದರು.

ಕಂಕುಳು

ಎರಡನೆಯ ಲೋಪ ಇಲ್ಲಿದೆ. ಮೊದಲು ಕ್ಯಾನ್ಸರ್ ಇದ್ದ ಗ್ರಂಥಿ ಕೀಮೋ ಮುಗಿಯುವಾಗ ಉಳಿದವುಗಳಂತೆಯೇ ತೆಳ್ಳಗಾಗಿತ್ತು. ಅಲ್ಟ್ರಾಸೌಂಡಿನಲ್ಲಿ ಯಾವುದು ಅದು ಎಂದು ಗುರುತಿಸಲು ನನ್ನಿಂದ ಆಗಲಿಲ್ಲ. ಕಂಕುಳಿನಲ್ಲಿ ಎಲ್ಲವನ್ನೂ ತೆಗೆಯದೆ ಸ್ತನದಿಂದ ದುಗ್ಧರಸ ಮೊದಲು ತಲಪುವ ಕಾವಲು ಗ್ರಂಥಿಗಳನ್ನು ಮಾತ್ರ ತೆಗೆದು ನೋಡುವ ದಾರಿ ಇದೆ. ಆದರೆ ಮೊದಲೇ ರೋಗ ತಾಗಿದ್ದ ಕಂಕುಳಿನಲ್ಲಿ ಕೀಮೋ ನಂತರ ಹಾಗೆ ಮಾಡಿದರೆ, ಉಳಿದ ರೋಗ ಶೇ 12.6ರಷ್ಟು ಸಲ ನಮ್ಮ ಕಣ್ಣು ತಪ್ಪಿಸುತ್ತದೆ ಎಂದು 2013ರಲ್ಲಿ ಪ್ರಕಟವಾದ ಜೆಡ್1071 ಅಧ್ಯಯನದಲ್ಲಿ ಕಂಡಿತ್ತು. ಮೊದಲೇ ಕ್ಲಿಪ್ ಹಾಕಿದ್ದ ಗ್ರಂಥಿ ತೆಗೆದವುಗಳೊಳಗೆ ಸಿಕ್ಕಿದಾಗ ಅದು ಶೇ 6.8ಕ್ಕೆ ಇಳಿದಿತ್ತು.

ಅಕ್ಕನ ಗ್ರಂಥಿಯಲ್ಲಿ ಕ್ಲಿಪ್ ಇರಲಿಲ್ಲ. ಸರ್ಜನ್ ಕೇಳಿದರು, "ಯಾವುದೆಂದು ತೋರಿಸಬಲ್ಲಿರಾ?" ಇಲ್ಲ ಎಂದೆ. ಅವರು ಸುರಕ್ಷಿತ ದಾರಿ ಹಿಡಿದು ಕಂಕುಳಿನ ಗ್ರಂಥಿಗಳನ್ನೆಲ್ಲ ಬಿಡಿಸಿ ತೆಗೆದರು. ಹದಿನಾರು ಗ್ರಂಥಿಗಳು. ಒಂದರಲ್ಲೂ ರೋಗವಿಲ್ಲ, ಒಂದರಲ್ಲಿ ಮಾತ್ರ ಹಳೆಯ ಗಾಯದ ಕಲೆ. ನಾನು ಸೂಜಿ ಹಾಕಿದ್ದ ಗ್ರಂಥಿ ಅದೇ ಇರಬೇಕು.

ಎಂಟು ತಿಂಗಳ ಮೇಲೆ ಎಡಗೈ ಬಾತುಕೊಳ್ಳಲು ಶುರುವಾಯಿತು. ಗ್ರಂಥಿಗಳನ್ನೆಲ್ಲ ತೆಗೆದ ಕೈಯಲ್ಲಿ ದುಗ್ಧರಸ ನಿಲ್ಲುತ್ತದೆ. ಸಣ್ಣ ಗಾಯವಾದರೂ ಸೋಂಕು ಏರುವ ಭಯ. ಅಡಿಕೆ ಸುಲಿಯುವಾಗ ಕತ್ತಿ ಬೆರಳಿಗೆ ತಾಗದ ದಿನವಿಲ್ಲ. ಈಗ ಅವರು ಸುಲಿಯುವುದಿಲ್ಲ, ಬೇರೆಯವರು ಸುಲಿದದ್ದನ್ನು ಕೂತು ಹೆಕ್ಕಿ ವಿಂಗಡಿಸುತ್ತಾರೆ. ಕೂಲಿ ಕಡಿಮೆ.

ವರ್ಷದ ಮ್ಯಾಮೊಗ್ರಾಂಗೆ ಬಂದವರು ತೋಳಿಗೆ ಹಾಕಿದ ಬಿಗಿ ಚೀಲವನ್ನು ಸರಿಸಿ ತೋರಿಸಿದರು. ಸ್ತನದಲ್ಲಿ ಎಲ್ಲ ಸರಿಯಿತ್ತು. "ಅವತ್ತು ಕಂಕುಳಿಗೂ ಆ ಗಡಿಕಲ್ಲು ಹಾಕಿದ್ದರೆ ಇದು ಆಗುತ್ತಿರಲಿಲ್ಲವೋ?" ಎಂದು ಕೇಳಿದರು. ಅವರಿಗೆ ಯಾರು ಹೇಳಿದರೋ, ಭಾವನ ಮಗನೇ ಇರಬೇಕು. ಅವನೀಗ ರೇಡಿಯಾಲಜಿ ಟೆಕ್ನಿಷಿಯನ್ ಕೋರ್ಸಿಗೆ ಸೇರಿದ್ದಾನೆ. ಆಗದೇ ಇರುವ ಸಂಭವ ಹೆಚ್ಚಿತ್ತು ಎಂದೆ. ಅವರು ತಲೆಯಾಡಿಸಿ ಕೈಯನ್ನು ಮೇಜಿನ ಮೇಲೆ ಚಾಚಿದರು. ಫಿಸಿಯೋಥೆರಪಿಯ ಚೀಟಿಯಲ್ಲಿ ಬಲಗೈ 23, ಎಡಗೈ 25.5 ಸೆಂ.ಮೀ. ಎಂದಷ್ಟೇ ಇತ್ತು. ನಾನು ಟೇಪು ತರಿಸಿ, ಮೊಣಕೈ ಗಂಟಿನಿಂದ 10 ಸೆಂ.ಮೀ. ಕೆಳಗೆ ಪೆನ್ನಿನಿಂದ ಗೆರೆ ಎಳೆದು ಎರಡೂ ಕೈಗಳನ್ನು ಮತ್ತೆ ಅಳೆದೆ. ಗೆರೆ ಎಲ್ಲಿದೆ ಎಂಬುದನ್ನೂ ಚೀಟಿಯಲ್ಲಿ ಬರೆದುಕೊಟ್ಟೆ.